ಅವ್ವ ಚೀಲ ತೆರೆದು ನಿಂತಳು

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ 'ಓಡಿ' ಎಂಬ ಗ್ರಂಥಾಲಯದ ಬಾಗಿಲಲ್ಲಿ ಅವ್ವ ಕೈಚೀಲದ ಜಿಪ್ ಎಳೆದು, ತಪಾಸಣೆಗೆಂದು ಅಗಲವಾಗಿ ತೆರೆದು ಹಿಡಿದು ನಿಂತುಬಿಟ್ಟಳು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. "ಚೀಟಿ ಎಲ್ಲಿ ತಗೋಬೇಕು? ನಮ್ಮನ್ನ ಒಳಗ ಬಿಡ್ತಾರೇನು?" ಅಂದಳು. ನನಗೆ ಗಂಟಲು ಕಟ್ಟಿತು. ಎರಡು ವರ್ಷದ ಹಿಂದೆ ಪಿಂಚಣಿ ಕಾಗದಕ್ಕೆಂದು ನಮ್ಮ ಕಡೆಯ ಒಂದು ಕಚೇರಿಗೆ ಹೋಗಿದ್ದಾಗ, ಕಾಲು ನೋವೆಂದು ಮೆಟ್ಟಿಲ ಮೇಲೆ ಕೂತವಳನ್ನು ಎಬ್ಬಿಸಿ ಗೇಟಿನಾಚೆ ನಿಲ್ಲಿಸಿದ್ದರು.

ಸ್ಟಾಕ್‌ಹೋಮಿನ ನಮ್ಮ ಮನೆಗೆ ಬಂದ ಅವ್ವನನ್ನು ರಾತ್ರಿ ಹಡಗಿನಲ್ಲಿ ಕರೆತಂದದ್ದು ಕಟ್ಟಡಗಳನ್ನು ತೋರಿಸಲೆಂದೇ. ಬಂಡೆ ಕೊರೆದು 1969ರಲ್ಲಿ ಮುಗಿಸಿದ ಟೆಂಪೆಲಿಔಕಿಯೊ ಚರ್ಚನ್ನು ಬೆಳಿಗ್ಗೆಯೇ ನೋಡಿದ್ದೆವು. ಅದರ ತಾಮ್ರದ ಗುಮ್ಮಟ ಚೆಂದವೇ. ಆದರೆ ಅವ್ವನ ಮನಸ್ಸು ನಿಂತದ್ದು ಇಲ್ಲಿ. ಇಲ್ಲಿಯವರು 'ಓಡಿ' ಅನ್ನುವುದು ಅವಳ ಕಿವಿಗೆ 'ಓದಿ' ಎಂದೇ ಬಿತ್ತು. ಅವರ ಮಾತಲ್ಲಿ ಅದಕ್ಕೆ ಪ್ರಗಾಥ, ಅಂದರೆ ಹಾಡಿ ಹೊಗಳುವ ಕವಿತೆ ಎಂದರ್ಥ.

ಒಂದು ಮಹಡಿ ಮೇಲೆ ಹೊಲಿಗೆ ಯಂತ್ರಗಳ ಸಾಲು! ಗ್ರಂಥಾಲಯದಲ್ಲಿ! ಒಬ್ಬ ಹುಡುಗ ಪ್ಯಾಂಟಿನ ಅಂಚು ಮಡಿಸುತ್ತಿದ್ದ, ದಾರ ಗಂಟು ಬಿದ್ದಿತ್ತು. ದಾವಣಗೆರೆಯಲ್ಲಿ ರವಿಕೆ ಹೊಲಿದೇ ನಮ್ಮನ್ನು ಓದಿಸಿದವಳು ಸುಮ್ಮನಿರುತ್ತಾಳೆಯೇ? ಬಾಬಿನ್ ಬಿಚ್ಚಿ ಸರಿಮಾಡಿಕೊಟ್ಟಳು. ಅವನಿಗೆ ಕನ್ನಡ ಬಾರದು, ಇವಳಿಗೆ ಫಿನ್ನಿಷ್ ಬಾರದು.

ಮೇಲಿನ ಮಹಡಿ ಪೂರ್ತಿ ಪುಸ್ತಕ, ಬೆಳಕು, ಉರುಳಾಡುವ ಮಕ್ಕಳು. ಹೊರಗಿನ ಬಾಲ್ಕನಿಯಲ್ಲಿ ನಿಂತರೆ ಮೈದಾನದಾಚೆ 1931ರ ಸಂಸತ್ ಭವನ, ಕೆಂಪು ಗ್ರಾನೈಟಿನ ಹದಿನಾಲ್ಕು ಕಂಬ. ಅದರ ಬಾಗಿಲೂ ಈ ಬಾಲ್ಕನಿಯೂ ಒಂದೇ ಮಟ್ಟದಲ್ಲಿವೆ. ಓದಲು ಬಂದವರೂ ಆಳುವವರೂ ಸಮಸಮ ಎಂದು 2018ರಲ್ಲಿ ಕಟ್ಟಿ ತೋರಿಸಿದ್ದಾರೆ.

ನಮ್ಮ ವಿಧಾನಸೌಧ ಇದಕ್ಕಿಂತ ನೂರು ಪಾಲು ಸುಂದರ. ಕೆಂಗಲ್ ಹನುಮಂತಯ್ಯನವರ ಆ ಕಲ್ಲಿನ ಕೆತ್ತನೆ ಇಲ್ಲಿ ಯಾರಿಗೆ ಬಂದೀತು? ಆದರೆ ಅದನ್ನು ನಾನು ನೋಡಿದ್ದೆಲ್ಲ ಬೇಲಿಯಾಚೆಯಿಂದ. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಅದರ ಮೇಲೇ ಕೆತ್ತಿದೆ. ದೇವಸ್ಥಾನದಲ್ಲಾದರೂ ದರ್ಶನ ಮುಗಿಸಿ ಎರಡು ನಿಮಿಷ ಕೂತೇ ಬರುತ್ತೇವಲ್ಲ! ಆ ಕೂರುವ ಜಾಗ ನಮ್ಮ ಸರ್ಕಾರಿ ಕಟ್ಟಡಗಳಲ್ಲಿ ಯಾಕಿಲ್ಲ?

ಹೆಲ್ಸಿಂಕಿಯ ಜನ ಏಳು ಲಕ್ಷದ ಆಸುಪಾಸು. ಕೋಟಿ ದಾಟಿದ ಬೆಂಗಳೂರಿನ ಕಷ್ಟವೇ ಬೇರೆ, ಒಪ್ಪುತ್ತೇನೆ. 2025ರಿಂದ ರಜಾದಿನಗಳಲ್ಲಿ ಟಿಕೆಟ್ ಕೊಂಡು ವಿಧಾನಸೌಧವನ್ನೂ ನೋಡಬಹುದು. ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯದಲ್ಲಿ ಕೂತು ಓದಿಯೇ ನಾನು ಪರೀಕ್ಷೆ ಪಾಸಾದದ್ದು, ಅದನ್ನೂ ಹೇಳಲೇಬೇಕು. ಹಳ್ಳಿಗಳ ಗ್ರಂಥಾಲಯಗಳೂ 'ಅರಿವು ಕೇಂದ್ರ'ಗಳಾಗಿ ಮಕ್ಕಳನ್ನು ಕರೆಯುತ್ತಿವೆಯಂತೆ. ಒಂದು ಹೊಲಿಗೆ ಯಂತ್ರವನ್ನೂ ಅಲ್ಲಿಡಲಿ.

"ಎಷ್ಟೊತ್ತಿಗೆ ಮುಚ್ತಾರ?" ಅಂದಳು ಅವ್ವ.

"ಇನ್ನೂ ಬಹಳ ಹೊತ್ತಿದೆ."

"ಹಂಗಾದ್ರ ಇನ್ನೊಂದ್ ಸ್ವಲ್ಪ ಕೂರಾಣ."