ಅಂಕಲ್, ಫ್ರೇಮಿನಲ್ಲಿ ಬರ್ತಿದ್ದೀರಿ

ಕಡಲ ತೀರದಲ್ಲಿ ಚಿತ್ರ ಬರೆಯುವವರ ಫೋಟೋ ತೆಗೆಯುವುದು ಬಹಳ ಸುಲಭ ಅಂತ ಎಲ್ಲರಿಗೂ ಒಂದು ನಂಬಿಕೆ. ಕಲಾವಿದರು ಹಾರಿಹೋಗುವ ಹಕ್ಕಿಯಲ್ಲ, ಹಟ ಮಾಡುವ ಮಗುವಲ್ಲ. ಗಂಟೆಗಟ್ಟಲೆ ಕೂತಲ್ಲೇ ಕೂತಿರುತ್ತಾರೆ. ಹಿಂದೆ ಕಡಲು, ಮುಂದೆ ಈಸೆಲ್, ತಲೆಗೊಂದು ಟೋಪಿ, ಕೈಯಲ್ಲಿ ಬ್ರಷ್. ಇನ್ನೇನು ಬೇಕು? ಬಟನ್ ಒತ್ತಿದರಾಯಿತು.

ನಮ್ಮ ಡ್ರಾಯಿಂಗ್ ಮಾಸ್ಟ್ರಿಗೂ ಹಾಗೇ ಅನಿಸಿತ್ತು. ರಿಟೈರ್ ಆದ ಮೇಲೆ ಮೊದಲ ಸಲ ಚಿತ್ರಪ್ರದರ್ಶನ ಇಟ್ಟುಕೊಂಡಿದ್ದರು. ಕರಪತ್ರಕ್ಕೆ ತಾವು ಕೆಲಸ ಮಾಡುತ್ತಿರುವ ಒಂದು ಫೋಟೋ ಬೇಕಿತ್ತು. "ನೀವು ಸುಮ್ನೆ ಬನ್ನಿ ಮಾರ್ರೆ, ನಾನು ನನ್ನ ಪಾಡಿಗೆ ಬರೀತಿರ್ತೇನೆ, ನೀವು ನಿಮ್ಮ ಪಾಡಿಗೆ ತೆಗೀತಿರಿ" ಎಂದರು. ಜಾಗ ಕಾಪು. ಅಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಇದೆ. ಉಡುಪಿ ಕಡೆಯ ಯಾವ ಕಲಾವಿದರೂ ಅದನ್ನು ಬರೆಯದೆ ಬಿಟ್ಟಿರಲಿಕ್ಕಿಲ್ಲ.

ಟೋಪಿ ಬರಲಿಲ್ಲ. ಮಾಸ್ಟ್ರು ತಲೆಗೆ ಬಿಳಿ ಬೈರಾಸು ಸುತ್ತಿಕೊಂಡು, ಪೇಂಟಿನ ಖಾಲಿ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತರು. ಡಬ್ಬದ ಮೇಲೆ ಕಂಪನಿಯ ಹೆಸರು ಅವರ ಸಹಿಗಿಂತ ದೊಡ್ಡದಾಗಿ ಕಾಣುತ್ತಿತ್ತು. "ಡಬ್ಬ ಸ್ವಲ್ಪ ತಿರುಗಿಸಿ ಕೂರಿ ಮಾಸ್ಟ್ರೇ" ಅಂದರೆ, "ತಿರುಗಿಸಿದ್ರೆ ಅಲುಗಾಡ್ತದೆ" ಎಂದರು. ಹೆಸರು ಫೋಟೋದಲ್ಲಿ ಉಳಿಯಿತು.

ಆಮೇಲೆ ನಿಜವಾದ ಕಷ್ಟ ಶುರುವಾಯಿತು. ಕಲಾವಿದರು ಬರೆಯುವ ವಸ್ತುವಿಗೆ ಮುಖ ಮಾಡಿ ಕೂರುತ್ತಾರೆ. ನಮ್ಮ ಪಡುಕರೆಯಲ್ಲಿ ಸಾಯಂಕಾಲದ ಚಿತ್ರ ಅಂದರೆ ಪಶ್ಚಿಮಕ್ಕೇ ಮುಖ. ಹಿಂದಿನಿಂದ ತೆಗೆದರೆ ಕಡಲು ಬಂತು, ಲೈಟ್‌ಹೌಸ್ ಬಂತು, ಮಾಸ್ಟ್ರ ಬೆನ್ನು ಬಂತು. ಅದೂ ಸೂರ್ಯ ಎದುರಿಗಿದ್ದುದರಿಂದ ಬರೀ ಕಪ್ಪು ಬೆನ್ನು. ಸರಿ, ಮುಖ ಬೇಕು ಅಂತ ಪ್ಯಾಂಟ್ ಮಡಚಿ ನೀರಿಗಿಳಿದು ನಿಂತೆ. ಈಗ ಬೆಳಕು ಚಿನ್ನ, ಮುಖ ಸ್ಪಷ್ಟ. ಆದರೆ ಹಿಂದೆ ಕಡಲೇ ಇಲ್ಲ! ಚರುಮುರಿ ಗಾಡಿ, ಸಾಲಾಗಿ ನಿಂತ ಕಾರು, ಕರೆಂಟು ಕಂಬ. ಪೇಟೆಯಲ್ಲಿ ಕೂತು ಲೆಕ್ಕ ಬರೆಯುವವರ ಫೋಟೋ ಅಂದರೂ ಜನ ನಂಬುತ್ತಿದ್ದರು. ಪಕ್ಕಕ್ಕೆ ಹೋದರೆ ಚಿತ್ರದ ಬೋರ್ಡ್ ಅಡ್ಡ. ಬೋರ್ಡಿನ ಮೇಲೆ ಬೈರಾಸಿನ ತುದಿ ಮಾತ್ರ.

ನೀರಿನಲ್ಲಿ ಟ್ರೈಪಾಡ್ ಇಟ್ಟವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಪ್ರತಿ ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಕರೆದುಕೊಂಡೇ ಹೋಗುತ್ತದೆ. ಮೂರು ಕಾಲೂ ಒಂದೇ ಸಮ ಇಳಿದರೆ ಪರವಾಗಿಲ್ಲ. ಹಾಗೆ ಎಂದೂ ಇಳಿಯುವುದಿಲ್ಲ. ದಡಕ್ಕೆ ಬಂದು ನೋಡಿದರೆ ಇಡೀ ಕಾಪು ಪೇಟೆ ಒಂದು ಕಡೆ ವಾಲಿದೆ, ಮಾಸ್ಟ್ರೂ ಜಾರುವುದಕ್ಕೆ ತಯಾರಾಗಿ ಕೂತಿದ್ದಾರೆ.

ಅವರ ಕಷ್ಟವೂ ಸಣ್ಣದಲ್ಲ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಬೀಸುತ್ತದೆ. ಕಾಗದ ಅಂಟಿಸಿದ ಬೋರ್ಡು ಆ ಗಾಳಿಗೆ ಹಾಯಿಯೇ ಸರಿ. ಈಸೆಲ್ಲಿಗೆ ಒಂದು ಚೀಲ ಕಟ್ಟಿ, ಚೀಲಕ್ಕೆ ಕಲ್ಲು ತುಂಬಿದರು. ಕಲ್ಲು ಸಾಲದೆ ನನ್ನ ಕ್ಯಾಮರಾ ಬ್ಯಾಗನ್ನೂ ತೂಗುಹಾಕಿದರು. ಇನ್ನೊಂದು ಲೆನ್ಸ್ ಬೇಕಾದಾಗೆಲ್ಲ ನಾನು ಅವರ ಕಾಲಬುಡಕ್ಕೆ ಹೋಗಿ ಬಗ್ಗಬೇಕಿತ್ತು. ಸುತ್ತ ನಿಂತವರು ಗುರುಭಕ್ತಿ ಅಂದುಕೊಂಡರೋ ಏನೋ.

ಮರಳು ಹಾರಿ ಒದ್ದೆ ಕಾಗದಕ್ಕೆ ಮೆತ್ತಿಕೊಂಡಾಗ ಮಾತ್ರ ಮಾಸ್ಟ್ರಿಗೆ ಖುಷಿ. ಯಾಕೆಂದರೆ ಅವರ ದೇವರು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ. 1870ರಲ್ಲಿ ಮೊನೆ ಫ್ರಾನ್ಸಿನ ತ್ರೂವಿಲ್ ತೀರದಲ್ಲಿ ಕೂತು ಬರೆದ ಒಂದು ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ಅವತ್ತು ಹಾರಿ ಬಂದ ಮರಳಿನ ಕಣ ಇನ್ನೂ ಸಿಕ್ಕಿಕೊಂಡಿದೆ. 1885ರಲ್ಲಂತೂ ಫ್ರಾನ್ಸಿನದೇ ಎತ್ರೆತಾ ತೀರದಲ್ಲಿ ಭರತದ ಲೆಕ್ಕ ತಪ್ಪಿ ದೊಡ್ಡ ಅಲೆಯೊಂದು ಅವರನ್ನೇ ಎತ್ತಿ ಒಗೆಯಿತು. ಸಾಮಾನು ನೀರುಪಾಲು, ಗಡ್ಡಕ್ಕೆಲ್ಲ ಬಣ್ಣ. ಮಾಸ್ಟ್ರು ಇದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ನನಗೆ ಮಾತ್ರ ಬೇರೆಯೇ ಹೊಟ್ಟೆಯುರಿ. ಅಂಥ ಫೋಟೋ ತಪ್ಪಿಹೋಯಿತಲ್ಲ! ಫೋಟೋಗ್ರಫಿ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಬಣ್ಣ ತುಂಬುವ ತವರದ ಟ್ಯೂಬಿಗೆ ಜಾನ್ ರ‍್ಯಾಂಡ್ ಪೇಟೆಂಟ್ ಪಡೆದದ್ದು 1841ರಲ್ಲಿ. ಟ್ಯೂಬ್ ಬಂದ ಮೇಲೆ ಕಲಾವಿದರಿಗೆ ಮನೆ ಬಿಟ್ಟು ಹೊರಡುವುದು ಸಲೀಸಾಯಿತು. ಅಷ್ಟರಲ್ಲಾಗಲೇ ನಮ್ಮ ಫೋಟೋದವರು ಹೊರಗೆ ಕಾಯುತ್ತಿದ್ದರು.

ಆದರೆ ಕೆಲಸ ಮಾಡುವ ಕಲಾವಿದರು ಕೆಲಸ ಮಾಡುವವರ ಹಾಗೆ ಕಾಣುವುದೇ ಇಲ್ಲ. ಕರಾವಳಿಯ ತೇವಕ್ಕೆ ಜಲವರ್ಣ ಒಣಗುವುದಿಲ್ಲ. ಆಕಾಶಕ್ಕೆ ತೆಳು ಬಣ್ಣದ ಒಂದು ವಾಶ್ ಹಾಕಿ ಸುಮ್ಮನೆ ಕೂರಬೇಕು. ನನ್ನ ಕಾರ್ಡಿನ ತುಂಬ ಬಸ್ಸು ತಪ್ಪಿದವರ ಮುಖ. ಕಟ್ಟಿಂಗೇರಿಯಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರ ಹಾಗೆ ಒಂದೆರಡು ಗೆರೆಯಲ್ಲಿ ಮುಗಿಸಿಬಿಡಬಾರದಾ ಅನಿಸಿತು. ಹೇಳಲಿಲ್ಲ. "ಸ್ವಲ್ಪ ಬ್ರಷ್ ಎತ್ತಿ ಹಿಡೀರಿ ಮಾಸ್ಟ್ರೇ" ಎಂದಷ್ಟೇ ಹೇಳಿದೆ. ಎತ್ತಿದರು. ಗಾಳಿ ಬೀಸಿತು. ಆಕಾಶದ ನಡುಮಧ್ಯ ಟಪ್ ಅಂತ ಒಂದು ಕಂದು ಹನಿ.

ಮಾಸ್ಟ್ರು ನನ್ನನ್ನೊಮ್ಮೆ ನೋಡಿದರು. ಬೈಯಲಿಲ್ಲ. ಹನಿಗೆ ಎರಡು ರೆಕ್ಕೆ ಎಳೆದು ಹಕ್ಕಿ ಮಾಡಿದರು. ಆ ಒಂದು ಹಕ್ಕಿ ಒಂಟಿಯಾಯಿತು ಅಂತ ಅಕ್ಕಪಕ್ಕ ಇನ್ನಷ್ಟು ಹಕ್ಕಿ ಬಂದವು.

ಅಷ್ಟರಲ್ಲಿ ಪ್ರೀ-ವೆಡ್ಡಿಂಗ್ ಶೂಟಿಂಗಿನವರು ಬಂದರು. ಹುಡುಗ, ಹುಡುಗಿ, ಉದ್ದ ಬಾಲದ ಗೌನು, ಆ ಬಾಲ ಹಿಡಿಯುವುದಕ್ಕೊಬ್ಬ, ಮೇಲೆ ಡ್ರೋನು. ಅವರ ಫೋಟೋಗ್ರಾಫರ್ ನನ್ನ ಕಡೆ ಕೈ ಬೀಸಿದ. "ಅಂಕಲ್, ಸ್ವಲ್ಪ ಸರೀರಿ. ಫ್ರೇಮಿನಲ್ಲಿ ಬರ್ತಿದ್ದೀರಿ." ಸರಿದೆ. ಮಾಸ್ಟ್ರನ್ನು ಮಾತ್ರ ಸರಿಯಲು ಹೇಳಲಿಲ್ಲ. ಹುಡುಗಿ ಬಂದು "ಸರ್, ನೀವು ಚಿತ್ರ ಬರೀತಾ ಇರಿ, ನಾವು ಹಿಂದೆ ನಿಂತು ನೋಡೋ ಹಾಗೆ ತೆಗೀತಾರೆ" ಅಂದಳು. ನನಗೆ ಡಬ್ಬ ತಿರುಗಿಸದ ಮನುಷ್ಯ ಎದ್ದು, ಡಬ್ಬ ತಿರುಗಿಸಿ, ಬೈರಾಸು ಬಿಚ್ಚಿ ಕೂದಲು ಸರಿ ಮಾಡಿಕೊಂಡು ಕೂತರು. ಗದ್ದ ಎತ್ತಿ ಅಂದರೆ ಎತ್ತಿದರು, ನಗಿ ಅಂದರೆ ನಕ್ಕರು. ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ಅವರ ಒಳ್ಳೆಯ ಫೋಟೋಗಳೆಲ್ಲ ಇವೆ.

ನನ್ನವುಗಳಲ್ಲಿ ಒಂದು ಮಾತ್ರ ಪರವಾಗಿಲ್ಲ ಅನ್ನುವಂತಿತ್ತು. ಹೆಗಲ ಮೇಲಿನಿಂದ ತೆಗೆದದ್ದು. ಬೋರ್ಡಿನ ಚಿತ್ರ, ಎದುರಿನ ಕಡಲು ಎರಡೂ ಇವೆ. ಮಾಸ್ಟ್ರು ಅದನ್ನು ಹಿಗ್ಗಿಸಿ ನೋಡಿ, "ಇದು ಬೇಡವೇ ಬೇಡ" ಎಂದರು. ಅವರು ದಡದ ದೋಣಿಯನ್ನು ಲೈಟ್‌ಹೌಸ್ ಪಕ್ಕಕ್ಕೆ ಸರಿಸಿದ್ದರು. ಮಧ್ಯದ ಕಂಬ ತೆಗೆದುಹಾಕಿದ್ದರು. ಫೋಟೋದಲ್ಲಿ ಕಂಬ ಇತ್ತು, ದೋಣಿ ಇದ್ದಲ್ಲೇ ಇತ್ತು. ಸಾಕ್ಷಿ ಬೇಡ ಅಂದರು, ಅಷ್ಟೆ. ಕೊನೆಗೆ ಕರಪತ್ರದಲ್ಲಿ ಅಚ್ಚಾದದ್ದು ಅವರು ಸರ್ವಿಸ್ಸಿನಲ್ಲಿದ್ದಾಗಿನ ಪಾಸ್‌ಪೋರ್ಟ್ ಸೈಜ್ ಫೋಟೋ.

ಅವತ್ತು ಸಾಮಾನು ಕಟ್ಟುವಾಗ ದೋಣಿಯ ಯಜಮಾನರೇ ಬಂದರು. ಲುಂಗಿ ಮಡಚಿ ಕಟ್ಟಿ, ಚಿತ್ರವನ್ನು ಬಹಳ ಹೊತ್ತು ನೋಡಿದರು. ಮೊದಲು ಹಕ್ಕಿಗಳ ಮೇಲೆ ಬೆರಳಿಟ್ಟರು. "ಇಷ್ಟು ಹಕ್ಕಿ ಒಟ್ಟಿಗೆ ಉಂಟಂದ್ರೆ ಕೆಳಗೆ ಬೂತಾಯಿ ಮೀನು ಬಂದಿದೆ ಅಂತ ಲೆಕ್ಕ. ಇದು ಸರಿ ಬರೆದಿದ್ದೀರಿ." ಮಾಸ್ಟ್ರು ನನ್ನ ಕಡೆ ನೋಡಲೇ ಇಲ್ಲ. ಆಮೇಲೆ ಬೆರಳು ದೋಣಿಯ ಮೇಲೆ ಬಂತು. "ಇದು ನನ್ನದಲ್ವಾ? ನಂಬರ್ ಎಲ್ಲಿ ಮಾರ್ರೆ?"

ಚಿತ್ರದಲ್ಲಿ ನಂಬರ್ ಎಲ್ಲ ಹಾಕುವುದಿಲ್ಲ, ಅದು ಕಲೆ ಅಂತ ಮಾಸ್ಟ್ರು ವಿವರಿಸಲು ನೋಡಿದರು.

"ಹಾಗಾದ್ರೆ ಅದು ದೋಣಿಯೇ ಅಲ್ಲ. ನಂಬರ್ ಇಲ್ಲದೆ ಕಡಲಿಗೆ ಇಳಿದ್ರೆ ಕರಾವಳಿ ಕಾವಲು ಪೊಲೀಸರು ಬಿಡ್ತಾರಾ?"

ಮಾಸ್ಟ್ರ ಹತ್ತಿರ ಉತ್ತರವಿರಲಿಲ್ಲ. ಬ್ರಷ್ಷುಗಳನ್ನು ತೊಳೆದಾಗಿತ್ತು. ಯಜಮಾನರು ನನ್ನ ಕುತ್ತಿಗೆಯ ಕ್ಯಾಮರಾ ನೋಡಿ, ಸೀದಾ ಹೋಗಿ ದೋಣಿಗೆ ಒರಗಿ ನಿಂತರು. ತಾವಾಗಿಯೇ ಬೆಳಕಿಗೆ ಮುಖ ಮಾಡಿದರು. ಗಾಳಿಯೂ ನಿಂತಿತ್ತು. ನಾನು ಬಟನ್ ಮೇಲೆ ಬೆರಳಿಡುವಷ್ಟರಲ್ಲಿ ಏನೋ ನೆನಪಾಗಿ ಒಂದು ಹೆಜ್ಜೆ ಬದಿಗೆ ಸರಿದರು.

"ನಂಬರ್ ಪೂರ್ತಿ ಬರಬೇಕು, ಆಯ್ತಾ? ನನ್ನ ಮುಖ ಬಂದ್ರೆ ಬಂತು, ಬಿಟ್ರೆ ಬಿಟ್ಟಿತು."