ಕಿಂಗ್ ಕಾಂಗ್‌ಗೆ ಗೇಟ್ ಇಟ್ಟವರು ಯಾರು?

ದೈತ್ಯ ಪ್ರಾಣಿಗಳ ಸಿನಿಮಾಗಳೆಲ್ಲ ಬೇಲಿಯ ಸಿನಿಮಾಗಳು ಅನ್ನುವುದು ನಮ್ಮ ಮಾವನವರ ಸಿದ್ಧಾಂತ. ಪ್ರಾಣಿ ಗೊರಿಲ್ಲಾವೋ ಡೈನೋಸಾರೋ, ಅದರ ಹಲ್ಲು ಉಗುರು ಅವರಿಗೆ ಲೆಕ್ಕಕ್ಕಿಲ್ಲ. ಬೇಲಿ ಯಾರು ಹಾಕಿದ್ದು, ಕಂಬದಿಂದ ಕಂಬಕ್ಕೆ ಎಷ್ಟು ದೂರ, ಕರೆಂಟ್ ಹೋದರೆ ಏನು ಗತಿ, ಇಷ್ಟು ತಿಳಿದರೆ ಸಾಕು, ಕೊನೆಗೆ ಯಾರು ಯಾರು ಸಾಯುತ್ತಾರೆ ಅಂತ ಅವರು ಮೊದಲ ಅರ್ಧ ಗಂಟೆಯಲ್ಲೇ ಪಟ್ಟಿ ಕೊಟ್ಟುಬಿಡುತ್ತಾರೆ. ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟ ಮಾಡಿಕೊಂಡು, ಆಯುಷ್ಯದ ಬಹುಪಾಲು ಬೆಳಗುಗಳನ್ನು ಆನೆ ಮುರಿದ ಬೇಲಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ಕಳೆದವರು. ಅವರ ಮಾತಿಗೆ ಎದುರಾಡುವ ಅರ್ಹತೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಈ ಸಿದ್ಧಾಂತ ಹೊರಬಿದ್ದದ್ದು ಮಗನ ದೆಸೆಯಿಂದ. ಮೈಸೂರಿನಿಂದ ರಜೆಗೆ ಬಂದವನು ಗೆಳೆಯನ ಪ್ರೊಜೆಕ್ಟರನ್ನೂ ಒಂದು ದಪ್ಪ ಸ್ಪೀಕರನ್ನೂ ಹೊತ್ತು ತಂದ. ಕಕ್ಕಡ ತಿಂಗಳ ಮಳೆ. ಹೊರಗೆ ಕಾಲಿಟ್ಟರೆ ಜಿಗಣೆ, ಒಳಗಿದ್ದರೆ ಬೇಜಾರು. ಹಳೆಯ ಸಿನಿಮಾಗಳನ್ನು ಮತ್ತೊಮ್ಮೆ ನೋಡುವಾ ಅಂತ ತೀರ್ಮಾನವಾಗಿ, ಪರದೆಗೆ ಮಾವನ ಬಿಳಿ ಪಂಚೆಯನ್ನು ಹಜಾರದ ಗೋಡೆಗೆ ಬಿಗಿದೆವು. ಆ ತಿಂಗಳಲ್ಲಿ ನಮ್ಮಲ್ಲಿ ಬಟ್ಟೆ ಒಣಗಿತು ಅಂದರೆ ಅದು ಸುಳ್ಳು ಅಥವಾ ಸೌದೆ ಒಲೆಯ ಪುಣ್ಯ. ಪಂಚೆಯ ನಡುಮಧ್ಯೆ ಅಂಗೈಯಗಲದ ಒದ್ದೆ ಕಲೆಯೊಂದು ಕೊನೆಯವರೆಗೂ ಹೋಗಲಿಲ್ಲ. ಯಾವ ಹೀರೋ ಪರದೆಯ ಮಧ್ಯಕ್ಕೆ ಬಂದರೂ ಅವನ ಕೆನ್ನೆಗೆ ಬಂಗು ಹಿಡಿದಿರುತ್ತಿತ್ತು. ಚಿತ್ರದ ಮೇಲೂ ಕೆಳಗೂ ಹಸಿರು ಅಂಚು ಬೇರೆ.

ಮೊದಲು ಹಾಕಿದ್ದು 1933ರ ಕಿಂಗ್ ಕಾಂಗ್. ದ್ವೀಪದ ಜನ ಆ ಮಹಾಕಪಿಗೆ ಹೆದರಿ ಮುಗಿಲೆತ್ತರದ ಗೋಡೆ ಕಟ್ಟಿಕೊಂಡಿರುತ್ತಾರೆ. ಗೋಡೆಯ ಮಧ್ಯದಲ್ಲಿ ಕಾಂಗ್ ಆರಾಮವಾಗಿ ನುಗ್ಗಬಹುದಾದಷ್ಟು ದೊಡ್ಡ ಬಾಗಿಲು.

“ನಿಲ್ಲಿಸು ನಿಲ್ಲಿಸು,” ಅಂದರು ಮಾವ. “ಒಳಗೆ ಬರಬಾರದು ಅಂತ ತಾನೆ ಗೋಡೆ? ಮತ್ತೆ ಅದರ ಅಳತೆಗೇ ಗೇಟ್ ಇಟ್ಟವನು ಯಾರು? ಮನುಷ್ಯರು ಹೋಗಿ ಬರ್ಲಿಕ್ಕೆ ಒಂದು ತಡಮೆ ಸಾಕಿತ್ತಲ್ಲ?”

ಎಪ್ಪತ್ತು ವರ್ಷ ದಾಟಿದ ಮಾವ ಈ ಸಿನಿಮಾವನ್ನು ಹುಡುಗನಾಗಿದ್ದಾಗ ಒಮ್ಮೆ ನೋಡಿದ್ದರಂತೆ. ಆಗ ಗೇಟು ಕಂಡಿರಲೇ ಇಲ್ಲವಂತೆ, ಕಪಿ ಮಾತ್ರ ಕಂಡಿತ್ತಂತೆ. ಕಾಂಗ್‌ನ ಗೊಂಬೆಗಳು ಬರೀ ಒಂದೂವರೆ ಅಡಿಯವು, ಮೈಗೆ ಮೊಲದ ಚರ್ಮ ಹೊದಿಸಿ ಒಂದೊಂದೇ ಫ್ರೇಮಿಗೆ ಕೈಕಾಲು ಚೂರು ಚೂರೇ ಸರಿಸಿ ತೆಗೆದದ್ದು ಅಂತ ಮಗ ವಿವರಿಸಿದ. ಆಮೇಲೆ ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹೌದು, ಕಾಂಗ್‌ನ ಎದೆಯ ಕೂದಲು ಸುಮ್ಮಸುಮ್ಮನೆ ಅಲುಗುತ್ತಿತ್ತು. ಗಾಳಿಯಲ್ಲ, ಗೊಂಬೆ ಸರಿಸಿದವರ ಬೆರಳ ಗುರುತು! ತೊಂಬತ್ತು ವರ್ಷದ ಹಿಂದಿನ ಬೆರಳು ಇವತ್ತು ನಮ್ಮ ಪಂಚೆಯ ಮೇಲೆ ಓಡಾಡುತ್ತಿರುವುದು ನೋಡಿ ನನಗೆ ಕಪಿಗಿಂತ ಅದೇ ಸೋಜಿಗವಾಯಿತು. ಮಾವನಿಗೆ ಸಮಾಧಾನ ಸಿಕ್ಕಿದ್ದು ಬೇರೆ ಸುದ್ದಿಯಿಂದ. ಆ ಗೋಡೆಯ ಸೆಟ್ಟನ್ನು ಮುಂದೆ ‘ಗಾನ್ ವಿತ್ ದಿ ವಿಂಡ್’ ಚಿತ್ರದ ಬೆಂಕಿ ದೃಶ್ಯಕ್ಕಾಗಿ ಸುಟ್ಟುಹಾಕಿದರಂತೆ. “ಸುಡಬೇಕಾದ್ದೇ,” ಅಂದರು.

ಅದೇ ವಾರ 1954ರ ಗಾಡ್ಜಿಲ್ಲಾ. ಅದರಲ್ಲೂ ಬೇಲಿ! ಸಮುದ್ರದಿಂದ ಬರುವ ಗಾಡ್ಜಿಲ್ಲಾನನ್ನು ತಡೆಯಲು ಜಪಾನಿನವರು ಕರಾವಳಿಗುಂಟ 50 ಸಾವಿರ ವೋಲ್ಟಿನ ತಂತಿ ಎಳೆಯುತ್ತಾರೆ. ಅದು ಬಂದು, ತಂತಿ ಹರಿದು, ಟವರುಗಳನ್ನು ಬಾಯಿಂದ ಉಗುಳಿದ ಬಿಸಿಗೆ ಕರಗಿಸಿ ಮುಂದೆ ಹೋಗುತ್ತದೆ. ಮಾವ ಒಂದು ಮಾತೂ ಆಡಲಿಲ್ಲ. ಗೊತ್ತಿದ್ದ ಕತೆ ಅನ್ನುವಂತೆ ಎಲೆಯಡಿಕೆ ಹಾಕಿಕೊಂಡರು. ಅತ್ತೆಯವರ ಗಮನವೆಲ್ಲ ವೇಷದೊಳಗಿನ ಮನುಷ್ಯನ ಮೇಲೆ. ಆ ರಬ್ಬರ್ ಉಡುಪು ಸುಮಾರು 100 ಕೆ.ಜಿ. ತೂಗುತ್ತಿತ್ತು, ಹರುವೊ ನಕಾಜಿಮಾ ಎಂಬ ನಟ ಅದನ್ನು ಹೊತ್ತು ನಡೆದಾಡಿದ ಅಂತ ಕೇಳಿದ ಮೇಲೆ, ಟೋಕಿಯೋದ ಕಟ್ಟಡ ಒಂದೊಂದು ಬಿದ್ದಾಗಲೂ “ಅಯ್ಯೋ, ಆ ಹುಡುಗ ಊಟ ಮಾಡಿದ್ನೋ ಇಲ್ವೋ” ಅನ್ನತೊಡಗಿದರು. ಸತ್ತವರ ಕಡೆಗೆ ಯಾರ ಲಕ್ಷ್ಯವೂ ಇಲ್ಲ. ನನಗೆ ಮಾತ್ರ ಶುರುವಿನ ಹಡಗಿನ ದೃಶ್ಯದಲ್ಲಿ ನಗು ಬರಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುದೋಣಿಯೊಂದರ ಮೇಲೆ ಬಿದ್ದಿತ್ತು, ಜನ ಆ ಸುದ್ದಿಯ ಕಾವಿನಲ್ಲೇ ಥಿಯೇಟರಿಗೆ ಹೋಗಿದ್ದರು. ಚಿಕ್ಕವರಿದ್ದಾಗ ನಾವು ಇದನ್ನು ಪ್ಲಾಸ್ಟಿಕ್ ಹಲ್ಲಿ ಅಂತ ಆಡಿಕೊಂಡಿದ್ದೆವು.

ಇನ್ನು ಜುರಾಸಿಕ್ ಪಾರ್ಕ್. 1993ರ ಚಿತ್ರ. ಮರುವರ್ಷ ಹಿಂದಿಗೆ ಡಬ್ ಆಗಿ ಬಂತು. ಆ ಹಿಂದಿ ಕ್ಯಾಸೆಟ್ ಸೋಮವಾರಪೇಟೆಯ ನಮ್ಮ ಕೇರಿಗೆ ಬಂದಾಗ ಅದು ಎಷ್ಟನೆಯ ನಕಲೋ ದೇವರಿಗೇ ಗೊತ್ತು. ಬಾಡಿಗೆಗೆ ತಂದ ವಿ.ಸಿ.ಪಿ., ಪಕ್ಕದ ಮನೆಯ ಟಿ.ವಿ., ಮುಂದೆ ಕೂತವರ ತಲೆಗಳು. ರಾತ್ರಿಯ ದೃಶ್ಯಗಳೆಲ್ಲ ಕಪ್ಪಗೆ ಮೊಳಗುತ್ತಿದ್ದವು, ಅಷ್ಟೆ. ಯಾರೋ ಕಿರುಚಿದಾಗ ನಾವೂ ಕಿರುಚುತ್ತಿದ್ದೆವು. ಈಗ ನೋಡಿದರೆ, ಎರಡು ಗಂಟೆ ದಾಟಿದ ಸಿನಿಮಾದಲ್ಲಿ ಡೈನೋಸಾರ್ ಕಾಣಿಸುವುದು ಒಟ್ಟು 15 ನಿಮಿಷದ ಆಸುಪಾಸು. ಉಳಿದದ್ದೆಲ್ಲ ಎಸ್ಟೇಟ್ ಮೇನೇಜ್‌ಮೆಂಟು.

ಮಾವ ನೋಡಿದ್ದೂ ಹಾಗೆಯೇ. ದೊಡ್ಡ ಬೇಲಿಯ ಮೇಲೆ ಹತ್ತು ಸಾವಿರ ವೋಲ್ಟ್ ಅಂತ ಬೋರ್ಡು ಬಂದದ್ದೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನಮ್ಮ ಸೋಲಾರ್ ಬೇಲಿಯಲ್ಲೂ ಸಾವಿರಾರು ವೋಲ್ಟೇ. ಆದರೆ ಅದು ಬಿಟ್ಟು ಬಿಟ್ಟು ಕ್ಷಣಕ್ಕೊಂದು ಏಟು ಕೊಡುವಂಥದ್ದು, ಪ್ರಾಣ ತೆಗೆಯುವುದಿಲ್ಲ. “ಮಳೆಗಾಲದಲ್ಲಿ ಪ್ಯಾನೆಲ್‌ಗೆ ಬಿಸಿಲು ಬೀಳೋದಿಲ್ಲ, ಬ್ಯಾಟರಿ ಕೂತುಬಿಡ್ತದೆ. ಕೆಳಗಿನ ಕಳೆ ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ. ಇವರ ಬೇಲಿ ಕೆಳಗೆ ನೋಡು, ಆಳೆತ್ತರ ಕಾಡು! ಕಳೆ ಹೊಡೆಸಿಯೇ ಇಲ್ಲ,” ಅಂದರು. ಅಷ್ಟರಲ್ಲಿ ಕತೆಯಲ್ಲಿ ಚಂಡಮಾರುತ ಬರುತ್ತದೆ ಅಂತ ಕೆಲಸದವರನ್ನೆಲ್ಲ ಹಡಗು ಹತ್ತಿಸಿ ಕಳಿಸಿದರು. “ಮಳೆಯಲ್ಲಿ ಲೇಬರ್ ಬಿಟ್ಟು ಕಳಿಸಿದ್ರಾ? ಮುಗೀತು.”

ಪಾರ್ಕಿನ ಯಜಮಾನ ಮಾತೆತ್ತಿದರೆ ಖರ್ಚಿಗೆ ಹಿಂದೆಮುಂದೆ ನೋಡಿಲ್ಲ ಅನ್ನುತ್ತಿರುತ್ತಾನೆ. ಆದರೆ ಇಡೀ ದ್ವೀಪದ ಬೀಗದಕೈ ಇರುವುದು ಸಂಬಳದ ವಿಷಯಕ್ಕೆ ಮುನಿಸಿಕೊಂಡ ಒಬ್ಬ ಕಂಪ್ಯೂಟರಿನವನ ಹತ್ತಿರ. ಭ್ರೂಣ ಕದ್ದು ಮಾರಲು ಅವನೇ ಬೇಲಿಯ ಕರೆಂಟ್ ತೆಗೆಯುತ್ತಾನೆ. ತೋಟದ ಲೆಕ್ಕಪತ್ರ ನೋಡುವವನನ್ನು ನಮ್ಮಲ್ಲಿ ರೈಟರ್ ಅನ್ನುತ್ತೇವೆ. ಇಲ್ಲಿ ನಮ್ಮವರೂ ಸೇರಿಕೊಂಡರು: “ರೈಟರ್‌ಗೆ ಒಂದು ಬೋನಸ್ ಬಿಸಾಕಿದ್ದರೆ ಆಗ್ತಿತ್ತು, ಇಷ್ಟು ಜನ ಉಳೀತಿದ್ರು.” ದೊಡ್ಡ ಡೈನೋಸಾರ್ ತಂತಿ ಹರಿದು ರಸ್ತೆಗೆ ಸಲೀಸಾಗಿ ಹೆಜ್ಜೆಯಿಟ್ಟು ಬಂತು. ಎರಡು ನಿಮಿಷದಲ್ಲಿ ಅದೇ ಜಾಗದಲ್ಲಿ ಕಾರನ್ನು ತಳ್ಳಿದರೆ, ಅಲ್ಲಿ ಪಾತಾಳ! “ಇಷ್ಟು ಆಳದ ಕಂದಕ ಇದ್ದಮೇಲೆ ಅದು ಹತ್ತಿ ಬಂದದ್ದು ಹೇಗೆ?” ಅಂತ ಕೇಳಿದ ಮಾವನಿಗೆ ಸ್ಪೀಲ್‌ಬರ್ಗ್ ಉತ್ತರ ಕೊಡಬೇಕಾಗಿದೆ.

ಒಂದೇ ಒಂದು ಕಡೆ ಅವರು ತಲೆದೂಗಿದರು. ರ‍್ಯಾಪ್ಟರ್‌ಗಳು ಬೇಲಿಯ ಒಂದೊಂದು ಜಾಗವನ್ನೇ ಮುಟ್ಟಿ ಪರೀಕ್ಷೆ ಮಾಡುತ್ತವೆ, ಮುಟ್ಟಿದ ಜಾಗವನ್ನು ಮತ್ತೆ ಮುಟ್ಟುವುದಿಲ್ಲ ಅಂತ ಕಾವಲಿನವನು ಹೇಳುವ ಮಾತಿಗೆ. “ಇದು ನಮ್ಮ ಆನೆ!” ದಂತಕ್ಕೆ ಕರೆಂಟ್ ಹೊಡೆಯುವುದಿಲ್ಲ ಅಂತ ತಿಳಿದ ಸಲಗ ದಂತದಲ್ಲೇ ತಂತಿ ಎತ್ತಿ ಕಿತ್ತು ಹಾಕುವುದನ್ನೂ, ಕೆಲವು ಆನೆಗಳು ಮರ ತಳ್ಳಿ ಬೇಲಿಯ ಮೇಲೆ ಕೆಡವುವುದನ್ನೂ ಕಂಡವರು ಅವರು. ಆದರೆ ನಿಜವಾದ ವೆಲಾಸಿರ‍್ಯಾಪ್ಟರ್ ಟರ್ಕಿ ಕೋಳಿಯ ಗಾತ್ರದ್ದು ಅಂತ ಮಗ ಹೇಳಿಬಿಟ್ಟ. ಬಂದಿದ್ದ ಗೌರವವೂ ಹೋಯಿತು. “ಹಾಗಾದ್ರೆ ಕೋಳಿಗೂಡಿನ ಮೆಶ್ ಸಾಕು.”

ನಾನು ಈ ಸಲ ಬೆರಗಾದದ್ದು ಅಡುಗೆಮನೆಗೆ. ಆ ಹೊಳೆಯುವ ಸ್ಟೀಲ್ ಕಪಾಟುಗಳ ಸಾಲು, ತೂಗುಹಾಕಿದ ಸೌಟುಗಳು! ಮಕ್ಕಳನ್ನು ರ‍್ಯಾಪ್ಟರ್ ಹುಡುಕುತ್ತಿರುವಾಗ ನಾನು ಸಿಂಕ್ ಎಲ್ಲಿದೆ ಅಂತ ಹುಡುಕುತ್ತಿದ್ದೆ. ಇನ್ನೊಂದು ವಿಷಯ ಕೇಳಿ ಕರುಳು ಚುರ್ರೆಂದಿತು. ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರದ ಟಿ-ರೆಕ್ಸ್ ಶೂಟಿಂಗ್‌ನ ಮಳೆಯಲ್ಲಿ ನೆನೆದು, ಫೋಮ್ ಮೈ ನೀರು ಕುಡಿದು ಭಾರವಾಗಿ ಗಡಗಡ ನಡುಗುತ್ತಿತ್ತಂತೆ. ನಡುನಡುವೆ ನಿಲ್ಲಿಸಿ ಒರೆಸಿ ಒಣಗಿಸಬೇಕಿತ್ತಂತೆ. ಜುಲೈಯಲ್ಲಿ ಜೀನ್ಸ್ ಪ್ಯಾಂಟ್ ಒಣಗಿಸುವ ಹೆಂಗಸಿಗಲ್ಲದೆ ಇನ್ನಾರಿಗೆ ಅರ್ಥವಾಗಬೇಕು ಆ ಸಂಕಟ?

ಅನಾಹುತ ಆದದ್ದು ಟಿ-ರೆಕ್ಸ್ ಗರ್ಜಿಸಿದಾಗ. ಅಷ್ಟು ಹೊತ್ತಿಗೆ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಸಿನಿಮಾ ಓಡುತ್ತಿತ್ತು. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತು ಕೇಳುವುದಿಲ್ಲ ಅಂತ ಮಗ ಸ್ಪೀಕರಿನ ಕಿವಿ ತಿರುಪಿದ್ದ. ಗರ್ಜನೆಗೆ ಕಿಟಕಿ ಗಾಜು ಅದುರಿತು, ನಾಯಿ ಮಂಚದಡಿ ಸೇರಿತು. ಮರುನಿಮಿಷ ರೈಟರ್ ಫೋನು: “ಅಮ್ಮಾ, ಬಾಗಿಲು ತೆಗೀಬೇಡಿ. ನಿಮ್ಮ ಅಂಗಳದಲ್ಲೇ ಆನೆ ಉಂಟು. ಮರಿ ಕೂಗಿದ್ದು ಕೇಳಿಸ್ತು. ಮರಿ ಇದ್ದಮೇಲೆ ತಾಯಿ ಇರ್ತದೆ.” ನಾನು ಸಿನಿಮಾ ಅನ್ನುವಷ್ಟರಲ್ಲಿ ಕೆಲಸದವರ ಲೈನ್ ಮನೆಯ ಕಡೆಯಿಂದ ಪಟಾಕಿ ಶುರು. ಟಾರ್ಚು, ತಗಡಿನ ಡಬ್ಬ, ಕೂಗು ಎಲ್ಲ ನಮ್ಮ ಅಂಗಳಕ್ಕೆ ಬಂದು ತಲುಪಿದವು. ಬಾಗಿಲು ತೆಗೆದರೆ ಪಂಚೆಯ ಮೇಲೆ ಟಿ-ರೆಕ್ಸ್ ಬಾಯಿ ತೆರೆದು ನಿಂತಿದೆ. ಎದುರಿಗೆ ಕಂಬಳಿ ಕೊಪ್ಪೆ ಹಾಕಿಕೊಂಡ ರೈಟರು.

ಎಲ್ಲರಿಗೂ ಕಾಫಿ ಮಾಡಿದೆ. ಕೂತು ಮುಂದಿನ ಭಾಗ ನೋಡಿಯೇ ಹೋದರು. ಬೆಳಗ್ಗೆ ಎದ್ದರೆ ಕಣದ ಆಚೆಯ ಹಲಸಿನ ಮರದ ಕೆಳಗೆ ಬರೀ ಸಿಪ್ಪೆ. ನಾವೆಲ್ಲ ಈ ಕಡೆ ಡೈನೋಸಾರ್ ಓಡಿಸುತ್ತಿದ್ದಾಗ ಆ ಕಡೆಯಿಂದ ಅಸಲಿ ಆನೆ ಬಂದು, ಎರಡು ಕಂಬ ಮಲಗಿಸಿ, ನಿಧಾನವಾಗಿ ತಿಂದು, ಬಾಳೆ ಬುಡಕ್ಕೆ ಲದ್ದಿ ಹಾಕಿ ಹೋಗಿತ್ತು. ಒಂದು ಸದ್ದಿಲ್ಲ. ಮಧ್ಯಾಹ್ನ ಮಗ ಓದಿ ಹೇಳಿದ: ಟಿ-ರೆಕ್ಸ್ ಗರ್ಜನೆಯನ್ನು ಹುಲಿ, ಮೊಸಳೆ ಜಾತಿಯ ಅಲಿಗೇಟರ್ ಮತ್ತು ಆನೆಮರಿಯ ಕೂಗು ಬೆರೆಸಿ ಮಾಡಿದ್ದಂತೆ. ರೈಟರು ಆ ದಿನದಿಂದ ತೋಟದಲ್ಲಿ ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದಾರೆ. ಹಾಲಿವುಡ್ಡನ್ನು ಕಿವಿಯಲ್ಲೇ ಹಿಡಿದವರು!

ಪ್ರಿಡೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಣದ ಶತ್ರುವಿಗೆ ಹೆದರಿ ಎಲ್ಲರೂ ಸೇರಿ ಕಾಡಿಗೇ ಗುಂಡು ಹಾರಿಸುವ ಆ ದೃಶ್ಯಕ್ಕೆ 1987ರಲ್ಲಿ ಹುಡುಗರು ಶಿಳ್ಳೆ ಹೊಡೆದಿರಬಹುದು. ನಮ್ಮವರು, ತೋಟದ ಮರಗಳ ಕೊಂಬೆ ಕಡಿಸುವ ಲೆಕ್ಕದಲ್ಲಿ, “ಇಷ್ಟೊತ್ತಿಗೆ ಅರ್ಧ ಎಕರೆ ಮರಗಸಿ ಆಗೋಯ್ತು” ಅಂದರು. ತೋಳಿಲ್ಲದ ಅಂಗಿ ಹಾಕಿ ಕಾಡಿನಲ್ಲಿ ಬಿದ್ದು ಹೊರಳಿದರೂ ಒಬ್ಬನೂ ಜಿಗಣೆ ಕೀಳುವುದಿಲ್ಲವಲ್ಲ, ಇದು ಕಾಡೇ ಅಲ್ಲ ಅಂತ ತೀರ್ಪಾಯಿತು. 1997ರ ಅನಕೊಂಡಾದಲ್ಲಿ ಪಾತ್ರೆ ತೊಳೆಯಲು ಬರುವ ಹುಡುಗಿ ಬಾಗಿಲಲ್ಲೇ ನಿಂತು “ಅಕ್ಕಾ, ಅಬ್ಬಿ ಮೇಲಕ್ಕೆ ಹೋಗ್ತಾ ಉಂಟು!” ಅಂದಳು. ನಿಜ, ದೋಣಿಯ ದೃಶ್ಯವನ್ನು ತಿರುಗುಮುರುಗು ಓಡಿಸಿದ್ದರಿಂದ ಹಿಂದಿನ ಜಲಪಾತದ ನೀರು ಬಂಡೆ ಹತ್ತುತ್ತಿತ್ತು. ಮಾವನಿಗೆ ಅದಕ್ಕಿಂತ ಹಾವಿನ ಹಸಿವೇ ಒಗಟು. “ನಮ್ಮ ಹೆಬ್ಬಾವು ಒಂದು ಕೋಳಿ ನುಂಗಿದ್ರೆ ಎದ್ದೇಳಲ್ಲ, ಇದೇನು ಊಟದ ಮೇಲೆ ಊಟ?”

ಮಾವ ಯಾವ ತಕರಾರೂ ಇಲ್ಲದೆ ಕೊನೆಯವರೆಗೆ ನೋಡಿದ್ದು 1975ರ ಜಾಸ್ ಒಂದನ್ನೇ. ಸಮುದ್ರಕ್ಕೆ ಬೇಲಿಯಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಯಂತ್ರದ ಶಾರ್ಕ್ ಉಪ್ಪುನೀರಿಗೆ ಮತ್ತೆ ಮತ್ತೆ ಕೆಟ್ಟು ಕೂತದ್ದರಿಂದ ಅದನ್ನು ತೋರಿಸದೆಯೇ ಕತೆ ನಡೆಸಬೇಕಾಯಿತು. ಅದರ ಮುಖ ಸರಿಯಾಗಿ ಕಾಣುವುದು ಒಂದು ಗಂಟೆ ಕಳೆದ ಮೇಲೆ. ಅಲ್ಲಿಯವರೆಗೆ ಮುರಿದ ಹಲಗೆ, ಆಮೇಲೂ ಎಷ್ಟೋ ಹೊತ್ತು ನೀರಿನಲ್ಲಿ ಓಡುವ ಹಳದಿ ಪೀಪಾಯಿ, ಅಷ್ಟೆ. ತೋಟದಲ್ಲೂ ನಮಗೆ ಕಾಣುವುದು ಅಷ್ಟೇ. ಗಾಳಿಯಿಲ್ಲದೆ ಅಲ್ಲಾಡುವ ಒಂದು ಕಾಫಿ ಗಿಡ, ಪಕ್ಕದ ಸಾಲಿನಲ್ಲಿ ಇನ್ನೊಂದು, ಆಮೇಲೆ ಏನೂ ಇಲ್ಲ. ಆಗ ಕುಯ್ಲಿಗೆ ನಿಂತ ಹೆಂಗಸರು ಮಾತು ನಿಲ್ಲಿಸುತ್ತಾರಲ್ಲ, ಆ ಹೊತ್ತನ್ನು ಈ ಸಿನಿಮಾ ಹಿಡಿದಿದೆ. ಅದೂ ಯಂತ್ರ ಕೆಟ್ಟ ಪುಣ್ಯದಿಂದ.

ಅವತ್ತು ಹೋಂಸ್ಟೇ ನಡೆಸುವ ಮೈದುನನೂ ಬಂದಿದ್ದ. ಶಾರ್ಕ್ ಇದೆ, ಬೀಚ್ ಮುಚ್ಚಿ ಅಂತ ಪೊಲೀಸ್ ಅಧಿಕಾರಿ ಗೋಗರೆದರೂ ಊರಿನ ಮೇಯರ್ ಜುಲೈ 4ರ ರಜೆಗೆ ಪ್ರವಾಸಿಗರು ಬರಬೇಕು ಅಂತ ಹಟ ಹಿಡಿಯುತ್ತಾನೆ. ನಾವೆಲ್ಲ ಮೇಯರನ್ನು ಬೈದೆವು. ಮೈದುನ ಮಾತ್ರ, “ಅವನ ಕಷ್ಟ ನಿಮಗೆ ಎಂತ ಗೊತ್ತು? ಸೀಸನ್ ಅಲ್ವಾ, ಬುಕಿಂಗ್ ಆಗಿರ್ತದೆ,” ಅಂದ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಬೆಂಗಳೂರಿನಿಂದ ಯಾರೋ ವೀಕೆಂಡಿಗೆ ರೂಮು ಕೇಳುತ್ತಿದ್ದರು. ಶೀಟಿನ ಮೇಲೆ ಮಳೆ ಕಲ್ಲು ಸುರಿದಂತೆ ಬಡಿಯುತ್ತಿತ್ತು, ಇವನು ಒಂದು ಕಿವಿ ಮುಚ್ಚಿಕೊಂಡು ಕೂಗಿದ: “ಮಳೆಯಾ? ಇಲ್ಲ ಸಾರ್, ಸಣ್ಣ ತುಂತುರು, ಅಷ್ಟೆ. ಕ್ಯಾಂಪ್‌ಫೈರ್ ಕೂಡ ಉಂಟು.”

“ಈ ಮಳೆಯಲ್ಲಿ ಬೆಂಕಿ ಎಲ್ಲಿ ಹಾಕ್ತೀಯೋ?” ಅಂದರು ಅತ್ತೆ.

“ಅದು ಅವರು ಬಂದ ಮೇಲೆ ನೋಡುವಾ ಅಮ್ಮ. ಅಡ್ವಾನ್ಸ್ ಬಿತ್ತು.”