ಕಾಣಿಸಲೇ ಇಲ್ಲ ಅಂದ್ರಲ್ಲ, ಅದಕ್ಕೇ ಬರೀತಿದ್ದೀನಿ

ಗಣೇಶನ ಹಬ್ಬದ ಊಟ ಮುಗಿಸಿಕೊಂಡು ಬಂದು ಮೂರು ದಿನ ಆಯ್ತು. ಆ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಊಟ ಆದ ಮೇಲೆ ಎಲ್ಲರೂ ಹಾಲ್‌ನಲ್ಲಿ ಕೂತಿದ್ದೆವು. ಬೇಸಿಗೆಯಲ್ಲಿ ನಿಮ್ಮ ಮಗಳು ಕಾಣಲೇ ಇಲ್ಲ, ಎಲ್ಲಿಗೆ ಹೋಗಿದ್ದಳು ಅಂತ ಯಾರೋ ಕೇಳಿದರು. ನನಗೋ ಖುಷಿ. ಫೋನನ್ನು ಟೀವಿಗೆ ಜೋಡಿಸಿ ಅವಳ ಡ್ರಮ್ ಕೋರ್‌ನ, ಅಂದರೆ ಅವಳು ನುಡಿಸುವ ವಾದ್ಯತಂಡದ, ವಿಡಿಯೊ ಹಾಕಿದೆ. ಹನ್ನೊಂದು ನಿಮಿಷದ್ದು. ಮೂರನೇ ನಿಮಿಷಕ್ಕೇ "ಇದರಲ್ಲಿ ನಿಮ್ಮ ಮಗಳು ಯಾರು?" ಅನ್ನೋ ಪ್ರಶ್ನೆ ಬಂತು. ಮುಗಿಯುವ ಹೊತ್ತಿಗೆ ಅರ್ಧ ಜನ ಫೋನ್ ನೋಡುತ್ತಿದ್ದರು. ಕೊನೆಗೆ ಒಬ್ಬರು ಹೇಳಿದರು: "ಚೆನ್ನಾಗಿದೆ. ಆದರೆ ನಿಮ್ಮ ಮಗಳು ಕಾಣಿಸಲೇ ಇಲ್ವಲ್ಲ. ಇಷ್ಟು ದುಡ್ಡು ಹಾಕಿ, ಇಷ್ಟು ಕಷ್ಟಪಟ್ಟು, ಕೊನೆಗೆ ಬ್ಯಾಂಡ್‌ಸೆಟ್‌ನಲ್ಲಿ ಹಿಂದಿನ ಸಾಲಾ?"

ಎಲ್ಲರೂ ನಕ್ಕರು. ನಾನು ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಹೇಳುತ್ತೇನೆ.

ಊರಿನಲ್ಲಿರುವ ಗೆಳೆಯರಿಗೆ ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಡ್ರಮ್ ಅಂಡ್ ಬ್ಯೂಗಲ್ ಕೋರ್ ಅಂದರೆ ಫುಟ್‌ಬಾಲ್ ಮೈದಾನದ ಮೇಲೆ ನಡೆಯುತ್ತಾ, ಸಾಲುಗಳಲ್ಲಿ ಆಕಾರ ಬಿಡಿಸುತ್ತಾ ನುಡಿಸುವ ತಂಡ. ಹಿತ್ತಾಳೆ ವಾದ್ಯ, ಡ್ರಮ್, ಬಾವುಟ. ಇಷ್ಟೇ. ಕೊಳಲಿಲ್ಲ, ಕ್ಲಾರಿನೆಟ್ ಇಲ್ಲ. ಮೊದಲನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರ ಸಂಘಗಳು ತಮ್ಮೂರಿನ ಹುಡುಗರಿಗೆ ಬ್ಯೂಗಲ್, ಡ್ರಮ್ ಕಲಿಸತೊಡಗಿದವು. ಅಲ್ಲಿಂದ ಇದು ಬೆಳೆಯಿತು. 1971ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅಂತ ಒಂದು ಒಕ್ಕೂಟ ಆಯಿತು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಹೆಸರಿನಲ್ಲಿ ಬ್ಯೂಗಲ್ ಉಳಿದಿದೆ, ಈಗ ಹಿಡಿಯುವುದು ಟ್ರಂಪೆಟ್, ಮೆಲೊಫೋನ್, ಬ್ಯಾರಿಟೋನ್, ಟ್ಯೂಬಾ. ಒಂದೊಂದು ಕೋರ್‌ನಲ್ಲಿ ನೂರೈವತ್ತು ಚಿಲ್ಲರೆ ಮಕ್ಕಳು. 22 ತುಂಬಿದ ಮೇಲೆ ಹೊಸ ಬೇಸಿಗೆಗೆ ಸೇರಿಸಿಕೊಳ್ಳುವುದಿಲ್ಲ. ಎಷ್ಟೇ ಚೆನ್ನಾಗಿ ನುಡಿಸಿದರೂ ವಯಸ್ಸಾಯಿತು ಅಂದರೆ ಮುಗಿಯಿತು. ನಾವಿರುವ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಸುತ್ತಲೇ ಎರಡು ಘಟಾನುಘಟಿ ಕೋರ್‌ಗಳಿವೆ. 1957ರಲ್ಲಿ ಶುರುವಾದ ಕಾನ್‌ಕಾರ್ಡ್‌ನ ಬ್ಲೂ ಡೆವಿಲ್ಸ್, 1967ರ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್. ನನ್ನ ಮಗಳದ್ದು ಅಷ್ಟು ದೊಡ್ಡ ಹೆಸರಿನ ಕೋರ್ ಅಲ್ಲ. ಈ ಸಲ ಫೈನಲ್ಸ್‌ನ 12ರೊಳಗೂ ಬರಲಿಲ್ಲ.

ಅವಳ ಬೇಸಿಗೆ ಹೇಗಿತ್ತು ಕೇಳಿ. ಮೇ ತಿಂಗಳ ನಡುವಿಗೆ ಮನೆ ಬಿಟ್ಟಳು. ಜೂನ್ ಕೊನೆಯವರೆಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಬಿಸಿಲಿನಲ್ಲಿ ಅಭ್ಯಾಸ. ಆಮೇಲೆ ಬಸ್ಸಿನಲ್ಲಿ ಊರೂರು ಸುತ್ತಾಟ. ಒಂದು ಊರಿನಲ್ಲಿ ಶೋ ಮುಗಿಸಿ ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು, ಬೆಳಗಿನ ಜಾವ ಇನ್ನೊಂದು ಊರಿನ ಯಾವುದೋ ಹೈಸ್ಕೂಲ್ ಜಿಮ್ಮಿನ ನೆಲದ ಮೇಲೆ ಗಾಳಿ ಹಾಸಿಗೆ ಹಾಸಿ ಮಲಗುವುದು. ಎದ್ದು ಮತ್ತೆ ಮೈದಾನ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಗ್ಯಾಲನ್ ನೀರಿನ ಕ್ಯಾನ್. ಹೀಗೆ ಆಗಸ್ಟ್ ಎರಡನೇ ವಾರದವರೆಗೆ. ಮನೆಯಲ್ಲಿ ಹಾಸಿಗೆ ಮಡಿಸು ಅಂತ ಹತ್ತು ಸಲ ಹೇಳಿಸಿಕೊಳ್ಳುತ್ತಿದ್ದ ಹುಡುಗಿ ಅವಳು.

ನಾನು ಒಂದು ವಾರ ಅವರ ಅಡುಗೆ ಟ್ರಕ್‌ನಲ್ಲಿ ಕೆಲಸ ಮಾಡಿದೆ. ದಿನಕ್ಕೆ ನಾಲ್ಕು ಹೊತ್ತು ಊಟ. ಬೆಳಿಗ್ಗೆ ಐದಕ್ಕೆ ಈರುಳ್ಳಿ ಹೆಚ್ಚಲು ನಿಂತರೆ ರಾತ್ರಿ ಪಾತ್ರೆ ತೊಳೆದು ಮುಗಿಸುವವರೆಗೂ ಪುರುಸೊತ್ತಿಲ್ಲ. ಎಲ್ಲರೂ ಸ್ವಯಂಸೇವಕರೇ. ಟೆಕ್ಸಸ್‌ನ ಒಬ್ಬ ಅಜ್ಜ ಇದ್ದರು. ಅವರ ಮೊಮ್ಮಗ ಕೋರ್ ಬಿಟ್ಟು ವರ್ಷಗಳೇ ಆಗಿವೆ, ಇವರು ಮಾತ್ರ ಪ್ರತಿ ಬೇಸಿಗೆ ಬಂದು ಟ್ರಕ್ ಓಡಿಸುತ್ತಾರೆ. ಅವರು ನನ್ನನ್ನು ಒಂದು ಸಲವೂ ನಿಮ್ಮ ಮಗಳು ಯಾರು ಅಂತ ಕೇಳಲಿಲ್ಲ. ಅಲ್ಲಿ ಇರುವ ಮಕ್ಕಳೆಲ್ಲ ಎಲ್ಲರ ಮಕ್ಕಳೇ ಅನ್ನೋ ಹಾಗೆ ಬಡಿಸುತ್ತಿದ್ದರು.

ಆ ವಾರ ಅಭ್ಯಾಸ ನೋಡುತ್ತಾ ಕೂತಾಗ ನನಗೆ ಎಷ್ಟೋ ವಿಷಯ ಅರ್ಥವಾಯಿತು. ಐದು ಯಾರ್ಡ್‌ಗೆ ಎಂಟು ಹೆಜ್ಜೆ. ಒಂದೊಂದು ಹೆಜ್ಜೆ ಸರಿಯಾಗಿ 22.5 ಇಂಚು. ಪ್ರತಿ ಮಗುವಿಗೂ ಒಂದು ಡಾಟ್ ಇರುತ್ತದೆ, ಅಂದರೆ ಮೈದಾನದ ಮೇಲೆ ಅವಳು ಆ ಕ್ಷಣಕ್ಕೆ ನಿಲ್ಲಬೇಕಾದ ಜಾಗ. ಒಂದು ಶೋನಲ್ಲಿ ಅಂಥ ಎಷ್ಟೋ ಜಾಗಗಳನ್ನು ಬಾಯಿಪಾಠ ಮಾಡಿರಬೇಕು. ಒಬ್ಬಳು ಅರ್ಧ ಹೆಜ್ಜೆ ತಪ್ಪಿದರೂ ಮೇಲಿನಿಂದ ನೋಡುವವರಿಗೆ ಇಡೀ ಗೆರೆ ಸೊಟ್ಟಗೆ ಕಾಣುತ್ತದೆ. ಆಗ ಧ್ವನಿವರ್ಧಕದಲ್ಲಿ ಒಂದೇ ಮಾತು: ರೀಸೆಟ್. ಎಲ್ಲರೂ ಓಡಿ ಮೊದಲ ಜಾಗಕ್ಕೆ. ಇಪ್ಪತ್ತು ಸೆಕೆಂಡಿನ ಒಂದು ತುಣುಕಿಗೆ ಬೆಳಿಗ್ಗೆಯೆಲ್ಲಾ ಹೀಗೆ ಓಡಿದರು. ನಾನು ಕೂತಲ್ಲೇ ತೊಡೆಯ ಮೇಲೆ ಆದಿ ತಾಳ ಹಾಕುತ್ತಿದ್ದೆ. ಎಂಟು ಎಣಿಕೆ, ಎಂಟು ಹೆಜ್ಜೆ. ಅವಳು ಹನ್ನೊಂದನೇ ವಯಸ್ಸಿಗೆ ಸಂಗೀತ ಪಾಠ ಬಿಟ್ಟಾಗ ನಾನು ಎಷ್ಟು ಅತ್ತಿದ್ದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಆ ತಾಳ ಎಲ್ಲೂ ಹೋಗಿರಲಿಲ್ಲ, ಕೈಯಿಂದ ಕಾಲಿಗೆ ಇಳಿದಿತ್ತು.

ಇನ್ನೊಂದು ವಿಷಯ ಹೇಳಲೇಬೇಕು, ಯಾಕಂದರೆ ಅದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಮೆರಿಕನ್ ಫುಟ್‌ಬಾಲ್ ಮೈದಾನ ಗೋಲು ಗೆರೆಯಿಂದ ಗೋಲು ಗೆರೆಗೆ 100 ಯಾರ್ಡ್, ಅಂದರೆ ಸುಮಾರು 91 ಮೀಟರ್. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾಗಿ ಈ ತುದಿಯ ಸದ್ದು ಆ ತುದಿಗೆ ಮುಟ್ಟಲು ಕಾಲು ಸೆಕೆಂಡಿಗಿಂತ ಜಾಸ್ತಿ ಬೇಕು. ನಿಮಿಷಕ್ಕೆ 180 ಎಣಿಕೆಯ ವೇಗದಲ್ಲಿ ಅದು ಮುಕ್ಕಾಲು ಎಣಿಕೆಗಿಂತ ಜಾಸ್ತಿ! ಅಂದರೆ ಆ ಮೂಲೆಯಿಂದ ಕಿವಿಗೆ ಬಿದ್ದದ್ದಕ್ಕೆ ಸರಿಯಾಗಿ ನುಡಿಸಿದರೆ ನೀನು ತಪ್ಪುತ್ತೀಯ. ಹಾಗಾಗಿ ಈ ಮಕ್ಕಳು ಕಣ್ಣಿನಲ್ಲಿ ಡ್ರಮ್ ಮೇಜರ್‌ನ, ಅಂದರೆ ಮುಂದೆ ನಿಂತು ಕೈಯಲ್ಲಿ ತಾಳ ತೋರಿಸುವವರ, ಕೈ ನೋಡುತ್ತಾರೆ, ಕಾಲಿನಲ್ಲಿ ಎಣಿಕೆ ಹಿಡಿಯುತ್ತಾರೆ. ಮೈದಾನದ ಮುಂದೆ ನಿಂತು ಮರಿಂಬಾ (ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ನುಡಿಸುವವರು ಮಾತ್ರ ಹಿಂದಿನ ಡ್ರಮ್‌ಗಳಿಗೆ ಕಿವಿಗೊಟ್ಟು, ಆ ಸದ್ದು ತಮ್ಮನ್ನು ಮುಟ್ಟಿದಾಗ ನುಡಿಸುತ್ತಾರೆ. ಆಗಲೇ ನಮಗೆ ಮೇಲೆ ಕೂತವರಿಗೆ ಎಲ್ಲವೂ ಒಟ್ಟಿಗೆ ಕೇಳಿಸುವುದು. ಮೈದಾನದೊಳಗೆ ಇರುವ ಯಾವ ಮಗುವಿಗೂ ಆ ಸಂಗೀತ ಸರಿಯಾಗಿ ಕೇಳಿಸುವುದೇ ಇಲ್ಲ. ತಮಗೆ ಕೇಳಿಸದ ಹಾಡನ್ನು ಬೇರೆಯವರಿಗೆ ಕೇಳಿಸುವುದಕ್ಕೆ ಮೂರು ತಿಂಗಳು ಬಿಸಿಲಲ್ಲಿ ಬೆಂದಿದ್ದಾರೆ. ಇದಕ್ಕೆ ನೀವು ಕಾಣಿಸಲಿಲ್ಲ ಅಂತೀರಿ.

ಅವಳು ನುಡಿಸುವುದು ಮೆಲೊಫೋನ್. ಮೇಲಿನ ರಾಗ ಬಹುಪಾಲು ಟ್ರಂಪೆಟ್‌ನವರದ್ದು, ತಳದ ಗುಡುಗು ಟ್ಯೂಬಾದವರದ್ದು. ಮೆಲೊಫೋನ್ ಇವೆರಡರ ನಡುವೆ. ಗೊತ್ತಿಲ್ಲದವರಿಗೆ ಅದು ಇರುವುದೇ ತಿಳಿಯುವುದಿಲ್ಲ. ತೆಗೆದರೆ ಮಾತ್ರ ಏನೋ ಖಾಲಿ ಅನಿಸುತ್ತದೆ. ಸಾರಿಗೆ ಹಾಕಿದ ಬೇಳೆಯ ಹಾಗೆ. ಅದನ್ನು ಅವಳು ತಾನೇ ಆರಿಸಿಕೊಂಡಳು. ಟ್ರಂಪೆಟ್ ತಗೋ ಅಂತ ಒತ್ತಾಯ ಮಾಡಿದ್ದು ನಾನು.

ಇನ್ನೂ ಒಂದು ಹೇಳಬೇಕು, ಇಲ್ಲದಿದ್ದರೆ ಈ ಸಿಟ್ಟು ಪ್ರಾಮಾಣಿಕ ಆಗುವುದಿಲ್ಲ. ಮೊದಲ ವರ್ಷ ನಾನೂ ಹೀಗೇ ಇದ್ದೆ. ತೀರಾ ಮುಂದಿನ ಸಾಲಿನ ಟಿಕೆಟ್ ತೆಗೆದುಕೊಂಡೆ, ಅವಳ ಮುಖ ಕಾಣಲಿ ಅಂತ. ಫೋನಿನಲ್ಲಿ ಜೂಮ್ ಮಾಡಿ ಹನ್ನೊಂದು ನಿಮಿಷವೂ ಅವಳನ್ನೇ ಹಿಡಿದೆ. ರಾತ್ರಿ ಬಸ್ಸಿನ ಹತ್ತಿರ ಅದನ್ನು ತೋರಿಸಿದಾಗ ಅವಳ ಮುಖ ಬಾಡಿತು. ಬೈಯಲಿಲ್ಲ. ಮೆಲ್ಲಗೆ ಹೇಳಿದಳು: "ಅಮ್ಮಾ, ನೀನು ಶೋ ನೋಡಲೇ ಇಲ್ಲ."

ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಆ ವಿಡಿಯೊದಲ್ಲಿ ನನ್ನ ಮಗಳಿದ್ದಾಳೆ, ಅವಳು ಮಾಡಿದ್ದು ಏನೂ ಇಲ್ಲ. ಆಮೇಲಿಂದ ನಾನು ಮೇಲಿನ ಸಾಲಿಗೇ ಹೋಗುವುದು. ಅಲ್ಲಿಂದ ನೋಡಿದರೆ ಒಂದು ಗೆರೆ ಕರಗಿ ಸುರುಳಿ ಆಗುತ್ತದೆ, ಸುರುಳಿ ಒಡೆದು ಬಾಣ ಆಗುತ್ತದೆ. ಒಂದು ಕ್ಷಣ ಎಲ್ಲರೂ ನಮ್ಮ ಕಡೆ ತಿರುಗಿ ಹಿತ್ತಾಳೆ ಎತ್ತಿ ಊದಿದಾಗ ಎದೆಯ ಮೂಳೆ ನಡುಗುತ್ತದೆ. ಅಷ್ಟು ಹೊತ್ತಿಗೆ ನಾನು ಅವಳನ್ನು ಹುಡುಕುವುದನ್ನು ಮರೆತಿರುತ್ತೇನೆ.

ದುಡ್ಡಿನ ಮಾತು ಎತ್ತಿದಿರಲ್ಲ, ಅದು ನಿಜ. ಫೀಸು ಸಾವಿರಾರು ಡಾಲರ್. ಬಸ್ಸು, ಡೀಸೆಲ್, ಊಟ, ಇಷ್ಟೊಂದು ಜನರನ್ನು ದೇಶ ಸುತ್ತಿಸುವುದು ಸುಮ್ನೆ ಆಗುವುದಲ್ಲ. ಇಷ್ಟ ಇದ್ದರೂ ಬರಲಾಗದ ಮಕ್ಕಳಿದ್ದಾರೆ, ಅದು ನನಗೂ ನೋವು. ಆದರೆ ಊಟಕ್ಕೆ ಕೂತಿದ್ದ ನಮ್ಮಲ್ಲಿ ಯಾರಿಗೂ ಅದು ಅಡ್ಡಿ ಅಲ್ಲ. ರಂಗಪ್ರವೇಶಕ್ಕೆ ಹಾಲ್ ಹಿಡಿದು, ಊರಿಂದ ಪಕ್ಕವಾದ್ಯದವರನ್ನು ಕರೆಸಿ, ನಾನೂರು ಜನಕ್ಕೆ ಊಟ ಹಾಕಿದಾಗ ಯಾರೂ ಲೆಕ್ಕ ಕೇಳಲಿಲ್ಲ. ನಾನೂ ಆ ಊಟ ಉಂಡು, ಮನಸಾರೆ ಚಪ್ಪಾಳೆ ತಟ್ಟಿ ಬಂದಿದ್ದೇನೆ. ಹಾಗಾದರೆ ತೊಂದರೆ ದುಡ್ಡಿನದಲ್ಲ. ಅಲ್ಲಿ ಮಗು ಒಬ್ಬಳೇ ದೀಪದ ಕೆಳಗೆ ನಿಂತಿರುತ್ತಾಳೆ, ಇಲ್ಲಿ ನೂರೈವತ್ತರಲ್ಲಿ ಒಬ್ಬಳು. ಅಷ್ಟೇ ವ್ಯತ್ಯಾಸ, ಅಲ್ವಾ?

ಇನ್ನೊಬ್ಬರು ಇಂಟರ್ನ್‌ಷಿಪ್ ಬಗ್ಗೆ ಕೇಳಿದರು. ಬೇಸಿಗೆ ಹಾಳಾಯಿತು ಅಂದರು. ಅದಕ್ಕೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಅವಳಿಗೆ ಇನ್ನು ಎರಡೇ ಬೇಸಿಗೆ ಉಳಿದಿದೆ. ಕೆಲಸ ಮಾಡುವುದಕ್ಕೆ ನಲವತ್ತು ವರ್ಷ ಇದೆ.

ಮತ್ತೆ ಆ "ಬ್ಯಾಂಡ್‌ಸೆಟ್" ಅನ್ನೋ ಪದ. ಅದನ್ನು ಹೇಳಿದ ಧಾಟಿ ನನಗೆ ಚೆನ್ನಾಗಿ ಗೊತ್ತು. ನಮ್ಮೂರಿನ ಮದುವೆಗಳಲ್ಲಿ ಕೆಂಪು ಕೋಟು ಹಾಕಿಕೊಂಡು, ಬಿಸಿಲಲ್ಲಿ ನಡೆಯುತ್ತಾ ಟ್ರಂಪೆಟ್ ಊದುತ್ತಿದ್ದವರಿಗೆ ಕೊನೆಯ ಪಂಕ್ತಿಯಲ್ಲಿ ಊಟ. ಅವರ ಹಿಂದೆ ಕುಣಿಯುತ್ತಿದ್ದವರು ಯಾರೂ ಅವರ ಹೆಸರು ಕೇಳಿದವರಲ್ಲ. ಚಿಕ್ಕವಳಿದ್ದಾಗ ಆ ಟ್ರಂಪೆಟ್ ಒಂದು ಸಲ ಮುಟ್ಟಿ ನೋಡಬೇಕು ಅಂತ ಹತ್ತಿರ ಹೋಗಿದ್ದೆ. ಮನೆಯವರು ಕೈ ಹಿಡಿದು ಎಳೆದುಕೊಂಡು ಬಂದರು. ನಡೆದುಕೊಂಡು ನುಡಿಸುವುದು ಕೂತು ನುಡಿಸುವುದಕ್ಕಿಂತ ಕಡಿಮೆ ಅಂತ ನಮಗೆ ಯಾರು ಹೇಳಿಕೊಟ್ಟರು? ಒಂದು ಸಲ ಓಡುತ್ತಾ ಊದಿ ನೋಡಿ. ಉಸಿರು ಯಾವುದಕ್ಕೆ ಕೊಡುತ್ತೀರಿ, ಕಾಲಿಗೋ ತುಟಿಗೋ? ಬೀರಲಿಂಗೇಶ್ವರನ ಜಾತ್ರೆಯಲ್ಲಿ ಅಷ್ಟು ಭಾರದ ಡೊಳ್ಳು ಕಟ್ಟಿಕೊಂಡು ಕುಣಿಯುತ್ತಾ ಬಾರಿಸುವವರನ್ನು ನೋಡಿ ಬೆಳೆದವರು ನಾವು. ಆ ವೃತ್ತದ ಮುಂದೆ ನಿಂತು ಇದರಲ್ಲಿ ನಿಮ್ಮ ಮಗ ಯಾರು ಅಂತ ಯಾರಾದರೂ ಕೇಳಿದ್ದುಂಟಾ?

2025ರ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂನಲ್ಲಿ ಫೈನಲ್ಸ್ ನೋಡುತ್ತಿದ್ದೆವು. ನಮ್ಮ ಮಕ್ಕಳು ಹಿಂದಿನ ದಿನವೇ ಸೋತು, ಸ್ಟ್ಯಾಂಡ್‌ನಲ್ಲಿ ನಮ್ಮ ಜೊತೆ ಕೂತಿದ್ದರು. ಬಾಸ್ಟನ್ ಕ್ರುಸೇಡರ್ಸ್ ಗೆದ್ದರು. 1940ರಲ್ಲಿ ಶುರುವಾದ ಕೋರ್ ಅದು. ಅವರಿಗೆ ಈ ಪಟ್ಟ ಮೊದಲ ಬಾರಿಗೆ ಸಿಕ್ಕಿದ್ದು ಅವತ್ತೇ. ಹೆಸರು ಕೂಗಿದಾಗ ನನ್ನ ಪಕ್ಕದಲ್ಲಿದ್ದ ಬಿಳಿ ಕೂದಲಿನ ಗಂಡಸೊಬ್ಬರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಎಷ್ಟೋ ದಶಕದ ಹಿಂದೆ ಅವರೂ ಅದರಲ್ಲಿ ಡ್ರಮ್ ಬಾರಿಸಿದವರಂತೆ. ಅವರನ್ನು ಅವತ್ತು ಯಾರು ಗುರುತಿಸಿದ್ದರೋ. ನನ್ನ ಮಗಳು ಎದ್ದು ಹೋಗಿ, ಗುರುತು ಪರಿಚಯ ಇಲ್ಲದ ಆ ಮನುಷ್ಯನ ಪಕ್ಕ ಸುಮ್ನೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವರು ಅವಳ ಬೆನ್ನು ತಟ್ಟಿ ನೀನು ಯಾವ ವಾದ್ಯ ಅಂತ ಕೇಳಿದರು. ಮೆಲೊಫೋನ್ ಅಂದಳು. ಅವರು ಕಣ್ಣೊರೆಸಿಕೊಂಡು ಹೇಳಿದರು: "ಓಹ್, ಹಾಗಾದರೆ ನಾನು ನಿನ್ನನ್ನು ಕೇಳಿಸಿಕೊಂಡಿದ್ದೇನೆ."

ನವೆಂಬರ್‌ನಿಂದ ಮತ್ತೆ ಕ್ಯಾಂಪ್‌ಗಳು ಶುರು. ಮುಂದಿನ ಬೇಸಿಗೆಯಲ್ಲಿ ನಮ್ಮ ಕಡೆ ಶೋ ಇದ್ದಾಗ ಗಣೇಶನ ಹಬ್ಬಕ್ಕೆ ಬಂದಿದ್ದವರೆಲ್ಲ ದಯವಿಟ್ಟು ಬನ್ನಿ. ಟಿಕೆಟ್ ನಾನು ತೆಗೆಸುತ್ತೇನೆ. ಮೈದಾನದ ನಟ್ಟನಡುವಿನ 50 ಯಾರ್ಡ್ ಗೆರೆಗೆ ನೇರವಾಗಿ, ಆದಷ್ಟು ಮೇಲೆ ಕೂರೋಣ. ಫೋನ್ ಚೀಲದಲ್ಲಿರಲಿ. ಕತ್ತಲಾದ ಮೇಲೆ ಅಲ್ಲಿ ಚಳಿ ಜಾಸ್ತಿ, ಸ್ವೆಟರ್ ತನ್ನಿ.